ಪಟ್ಟಿಯಲ್ಲಿದೆ, ತೆರೆದರೆ ಸಿಗುತ್ತಿಲ್ಲ!

ಪ್ರಶ್ನೆ: ಸರ್, ನಾನು ಭತ್ತದ ಬೆಂಕಿ ರೋಗದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ನಮ್ಮ ಲೈಬ್ರರಿಯ ಇ-ಜರ್ನಲ್ ಪಟ್ಟಿಯಲ್ಲಿ ಒಂದು ಜರ್ನಲ್ ‘1998ರಿಂದ ಇಂದಿನವರೆಗೆ’ ಅಂತಿದೆ. ಆದರೆ ಹೋದ ತಿಂಗಳ ಲೇಖನ ತೆರೆದರೆ ದುಡ್ಡು ಕೇಳುತ್ತದೆ. ತಪ್ಪು ಯಾರದು?
– ಸಂಶೋಧನಾ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ನಿಮ್ಮದಂತೂ ಅಲ್ಲಮ್ಮ. ಲೈಬ್ರರಿಯನ್ನರದೂ ಅಲ್ಲ ಅಂತಲೇ ನನ್ನ ಅಂದಾಜು. ಆ ಪಟ್ಟಿ ಅವರು ಕೂತು ಟೈಪ್ ಮಾಡಿದ್ದಲ್ಲ, ಪ್ರಕಾಶಕರು ಕಳಿಸುವ ಫೈಲಿನಿಂದ ತುಂಬಿಕೊಂಡಿದ್ದು.

ಆ ಫೈಲ್ ಹೇಗಿರಬೇಕು ಅನ್ನೋದಕ್ಕೆ ‘ಕೆಬಾರ್ಟ್’ ಎಂಬ ಮಾದರಿ ಇದೆ. ಅಮೆರಿಕದ ಮಾನಕ ಸಂಸ್ಥೆ ನೈಸೊ ಮತ್ತು ಬ್ರಿಟನ್ನಿನ ಲೈಬ್ರರಿ-ಪ್ರಕಾಶಕರ ಸಂಘ ಯುಕೆಎಸ್‌ಜಿ ಸೇರಿ 2010ರಲ್ಲಿ ತಂದವು, 2014ರಲ್ಲಿ ಪರಿಷ್ಕರಿಸಿದವು. ಜರ್ನಲ್ಲಿಗೊಂದು ಸಾಲು: ಹೆಸರು, ಐಎಸ್‌ಎಸ್‌ಎನ್ (ಜರ್ನಲ್ಲನ್ನು ಗುರುತಿಸುವ ನಂಬರ್), ಮೊದಲ ಸಂಚಿಕೆ, ಕೊನೆಯ ಸಂಚಿಕೆ, ಲಿಂಕ್. ನಡುವೆ ಕೆಲವು ವರ್ಷ ಇಲ್ಲದಿದ್ದರೆ ಎರಡು ಸಾಲು. ಕೊನೆಯ ಸಂಚಿಕೆಯ ಜಾಗ ಖಾಲಿ ಬಿಟ್ಟಿದ್ದರೆ ‘ಇಂದಿನವರೆಗೆ’ ಅಂತ ಅರ್ಥ.

ನಿಮ್ಮ ತೊಂದರೆ ಬೇರೆ ಖಾನೆಯದು ಅನ್ನಿಸುತ್ತದೆ. ಹೊಸ ಸಂಚಿಕೆಗಳನ್ನು ಎಷ್ಟು ಕಾಲ ತಡೆಹಿಡಿಯುತ್ತಾರೆ ಅನ್ನುವ ತಡೆ ಅವಧಿಗೂ ಒಂದು ಖಾನೆ ಇದೆ. ಅಲ್ಲಿ ‘ಪಿ1ವೈ’ ಅಂತಿದ್ದರೆ ನಡೆಯುತ್ತಿರುವ ಕ್ಯಾಲೆಂಡರ್ ವರ್ಷದ ಸಂಚಿಕೆಗಳು ಸಿಗುವುದಿಲ್ಲ. ಇಷ್ಟನ್ನು ಬರೆಯುವುದು ಬಿಟ್ಟುಹೋದರೆ ಸಾಕು, ಪಟ್ಟಿ ‘ಇಂದಿನವರೆಗೆ’ ಅಂತಲೇ ತೋರಿಸುತ್ತದೆ.

ನಾನು ಬಳ್ಳಾರಿಯ ಕಾಲೇಜೊಂದರ ಲೈಬ್ರರಿಯಲ್ಲಿದ್ದಾಗ ಹೀಗೇ ಒಂದು ಫೈಲ್ ಬಂತು. ಯಾರೋ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದರು. ಎಂಟು ಅಂಕಿ ಇರಬೇಕಾದ ಐಎಸ್‌ಎಸ್‌ಎನ್‌ನಲ್ಲಿ ಮುಂದಿನ ಎರಡು ಸೊನ್ನೆ ಹೋಗಿ ಆರೇ ಉಳಿದಿದ್ದವು. 3-4ನೇ ಜಂಟಿ ಸಂಚಿಕೆ ‘ಏಪ್ರಿಲ್ 3’ ಆಗಿ ಕೂತಿತ್ತು! ನಂಬರ್ ತಾಳೆಯಾಗದೆ ಆ ಜರ್ನಲ್‌ಗಳು ಹುಡುಕಿದವರಿಗೆ ಸಿಗಲೇ ಇಲ್ಲ. ದುಡ್ಡು ಕಟ್ಟಿದ ಜರ್ನಲ್‌ಗಾಗಿ ಮಕ್ಕಳು ಬೇರೆ ಊರಿಗೆ ಬರೆದು ತರಿಸಿಕೊಂಡರು. ಅದು ಈಗಲೂ ನನಗೆ ಬೇಜಾರು. ಐಎಸ್‌ಎಸ್‌ಎನ್ ನಡುವೆ ಅಡ್ಡಗೀಟು ಇರಲೇಬೇಕು ಅಂತ ಕೆಬಾರ್ಟ್ ಹೇಳುತ್ತದಲ್ಲ, ಅದೊಂದಿದ್ದಿದ್ದರೂ ಎಕ್ಸೆಲ್ ಅದನ್ನು ಬರೀ ಸಂಖ್ಯೆ ಅಂದುಕೊಳ್ಳದೆ ಸೊನ್ನೆಗಳು ಉಳಿಯುತ್ತಿದ್ದವು.

ನೀವು ಸುಮ್ನೆ ಇರಬೇಡಿ. ದುಡ್ಡು ಕೇಳುವ ಪುಟದ ಸ್ಕ್ರೀನ್‌ಶಾಟ್, ಜರ್ನಲ್ ಹೆಸರು, ಐಎಸ್‌ಎಸ್‌ಎನ್, ಸಂಚಿಕೆ ಇಷ್ಟನ್ನೂ ಲೈಬ್ರರಿಯನ್ನರಿಗೆ ಬರೆದು ಕೊಡಿ. ಅವರು ಪ್ರಕಾಶಕರಿಗೆ ಬರೆಯಲಿ. ಆ ಒಂದು ಸಾಲು ಅಲ್ಲಿ ಸರಿಯಾದರೆ ಅದೇ ಫೈಲ್ ಪಡೆಯುವ ಬೇರೆ ಲೈಬ್ರರಿಗಳಿಗೂ ಸರಿಯಾಗುತ್ತದೆ. ಲೇಖನ ಅರ್ಜೆಂಟಾಗಿ ಬೇಕಿದ್ದರೆ ಲೇಖಕರಿಗೇ ಇಮೇಲ್ ಮಾಡಿ ಕೇಳಿ, ಸಂಕೋಚ ಬೇಡ.