ಫೋನ್ ಕೆಳಗಿಡದ ಮಾನಿಟರ್

ಪ್ರಶ್ನೆ: ಹಾಸನದ ಸ್ಥಳೀಯ ವಾಹಿನಿಯೊಂದರ ಕಂಟ್ರೋಲ್ ರೂಮಿನಲ್ಲಿ ನನ್ನ ಕೆಲಸ. ಕೆಳಮಹಡಿಯ ಸ್ಟುಡಿಯೋದಲ್ಲಿ ಒಂದು ರೌಟರ್, ಮೇಲಿನ ಪ್ರಸಾರ ಕೊಠಡಿಯಲ್ಲಿ ಇನ್ನೊಂದು. ಕೆಳಗಿನಿಂದ ಮೇಲಕ್ಕೆ ನಾಲ್ಕು ಟೈಲೈನ್‌ಗಳಿವೆ. ಹಾಸನಾಂಬೆ ದರ್ಶನದ ದಿನ ದೇಗುಲದ ನೇರದೃಶ್ಯವನ್ನು ಮೇಲೆ ಕಳಿಸಲು ಹೋದರೆ ಸಾಫ್ಟ್‌ವೇರ್ ‘ಟೈಲೈನ್ ಖಾಲಿ ಇಲ್ಲ’ ಎಂದಿತು. ಆಗ ಪ್ರಸಾರಕ್ಕೆ ಬೇಕಿದ್ದುದು ಒಂದೇ ಲೈನು. ಇದು ಸಾಫ್ಟ್‌ವೇರಿನ ದೋಷವೇ? ಇನ್ನೆರಡು ಕೇಬಲ್ ಎಳೆಸಲೇ?

ಉತ್ತರ: ಕೇಬಲ್ ಎಳೆಸುವ ಮುನ್ನ ಮೆಟ್ಟಿಲು ಹತ್ತಿ ಮೇಲಿನ ಗೋಡೆಯ ಮಾನಿಟರ್‌ಗಳನ್ನು ಒಂದೊಂದಾಗಿ ನೋಡಿ. ಬೆಳಿಗ್ಗೆ ಯಾರೋ ಸ್ಟುಡಿಯೋ ಕ್ಯಾಮೆರಾದ ಬಣ್ಣ ಪರೀಕ್ಷಿಸಲು ಅದನ್ನು ಒಂದು ಮಾನಿಟರಿಗೆ ಹಾಕಿಕೊಂಡಿರುತ್ತಾರೆ. ಇನ್ನೊಬ್ಬರು ಕೆಳಗೆ ಅತಿಥಿ ಬಂದು ಕುಳಿತರೇ ಎಂದು ನೋಡಲು ಮತ್ತೊಂದನ್ನು. ನೋಡಿ ಮುಗಿಸಿ ಎಲ್ಲರೂ ಕಾಫಿಗೆ ಹೋಗಿರುತ್ತಾರೆ. ಟೈಲೈನ್‌ಗಳು ಮಾತ್ರ ಅವರ ಹೆಸರಿನಲ್ಲೇ ಉಳಿದಿರುತ್ತವೆ.

ಇತರ ಓದುಗರಿಗಾಗಿ ಒಂದು ಮಾತು. ಇದು ಮನೆಯ ವೈಫೈ ರೌಟರ್ ಅಲ್ಲ. ಯಾವ ಕ್ಯಾಮೆರಾದ ಚಿತ್ರ ಯಾವ ಪರದೆಗೆ, ಯಾವ ರೆಕಾರ್ಡರಿಗೆ ಹೋಗಬೇಕೆಂದು ಜೋಡಿಸುವ ಯಂತ್ರ. ಇಂಥ ಎರಡು ಯಂತ್ರಗಳಿದ್ದಾಗ ಒಂದರ ಔಟ್‌ಪುಟ್ಟಿನಿಂದ ಇನ್ನೊಂದರ ಇನ್‌ಪುಟ್ಟಿಗೆ ಎಳೆದ ತಂತಿಯೇ ಟೈಲೈನ್. ಯಾವ ತಂತಿ ಬಿಡುವಾಗಿದೆ ಎಂದು ಹುಡುಕಿ, ಎರಡೂ ಕಡೆ ಜೋಡಿಸಿ, ಕೆಲಸ ಮುಗಿದ ಮೇಲೆ ಬಿಡಿಸುವುದು ಸಾಫ್ಟ್‌ವೇರಿನ ಪಾಲಿನ ಕೆಲಸ.

ಹಳಬರಿಗೆ ಟ್ರಂಕ್ ಕಾಲ್ ನೆನಪಾಗಬೇಕು. ಹಾಸನದಿಂದ ಬೆಂಗಳೂರಿಗೆ ಮಾತನಾಡಲು ಬುಕ್ ಮಾಡಿ, ಲೈನು ಬಿಡುವಾಗುವವರೆಗೆ ಫೋನಿನ ಪಕ್ಕದಲ್ಲೇ ಕುಳಿತಿರುತ್ತಿದ್ದೆವು. ಟೈಲೈನಿನ ಲೆಕ್ಕವೂ ಅದೇ, ಒಂದು ವ್ಯತ್ಯಾಸ ಬಿಟ್ಟು. ಫೋನಿನಲ್ಲಿ ಮಾತು ಮುಗಿದರೆ ರಿಸೀವರ್ ಕೆಳಗಿಡುತ್ತೇವೆ. ಮಾನಿಟರ್ ಕೆಳಗಿಡುವುದಿಲ್ಲ. ಬೇರೊಂದು ಚಿತ್ರ ಕೊಡುವವರೆಗೆ ಅದು ಕೊನೆಯದಾಗಿ ಕೊಟ್ಟದ್ದನ್ನೇ ಹಿಡಿದುಕೊಂಡಿರುತ್ತದೆ, ಮುಂದೆ ಯಾರೂ ಇಲ್ಲದಿದ್ದರೂ. ಸಾಫ್ಟ್‌ವೇರಿಗೆ ಅದು ತಿಳಿಯುವುದು ಹೇಗೆ? ಆದ್ದರಿಂದ ದೋಷ ಅದರದ್ದಲ್ಲ.

ಸಾಫ್ಟ್‌ವೇರಿನಲ್ಲಿ ಟೈಲೈನ್‌ಗಳ ಪಟ್ಟಿ ತೆರೆದರೆ ಪ್ರತಿಯೊಂದರಲ್ಲಿ ಯಾವ ಚಿತ್ರ ಹೋಗುತ್ತಿದೆ, ಆಚೆ ತುದಿಯಲ್ಲಿ ಯಾರು ಹಿಡಿದಿದ್ದಾರೆ ಎಂಬುದು ಕಾಣುತ್ತದೆ. ಒಂದೇ ಕ್ಯಾಮೆರಾವನ್ನು ಮೇಲೆ ಮೂರು ಕಡೆ ನೋಡುತ್ತಿದ್ದರೂ ಅದಕ್ಕೆ ಸಾಮಾನ್ಯವಾಗಿ ಒಂದೇ ಲೈನು ಸಾಕು. ನಾಲ್ಕೂ ತುಂಬಿದ್ದವೆಂದರೆ ನಾಲ್ಕು ಬೇರೆಬೇರೆ ಚಿತ್ರಗಳು ಮೇಲೆ ಹೋಗುತ್ತಿದ್ದವು ಎಂದರ್ಥ. ನೋಡಿ ಮುಗಿಸಿದವರು ಮಾನಿಟರಿಗೆ ಮೇಲಿನ ರೌಟರಿನದೇ ಒಂದು ಕಪ್ಪು ಚಿತ್ರವನ್ನು ಕೊಟ್ಟು ಏಳಬೇಕು. ಆ ಕ್ಷಣವೇ ಲೈನು ಬಿಡುಗಡೆಯಾಗುತ್ತದೆ. ನಿಮ್ಮ ಪ್ಯಾನೆಲ್ಲಿನಲ್ಲಿ ಅದಕ್ಕೊಂದು ಗುಂಡಿಯನ್ನೇ ಮೀಸಲಿಡಿ. ನೋಟಿಸು ಅಂಟಿಸುವುದರಿಂದ ಏನೂ ಆಗುವುದಿಲ್ಲ, ನಾನು ಅಂಟಿಸಿ ನೋಡಿದ್ದೇನೆ. ಒಂದು ಲೈನನ್ನು ಪ್ರಸಾರಕ್ಕೆಂದೇ ಕಾಯ್ದಿರಿಸಲು ಸಾಧ್ಯವಿದ್ದರೆ ಕಾಯ್ದಿರಿಸಿ.

ಇನ್ನೆರಡು ಕೇಬಲ್ ವಿಚಾರ. ದೂರವಾಣಿ ಲೈನುಗಳಿಗೆಂದು ಡೆನ್ಮಾರ್ಕಿನ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರವೊಂದಿದೆ. ಸರಾಸರಿ ಎರಡು ಲೈನಿನಷ್ಟು ಬೇಡಿಕೆ ಇರುವಲ್ಲಿ ನಾಲ್ಕು ಲೈನಿದ್ದರೆ ನೂರಕ್ಕೆ ಒಂಬತ್ತು ಹತ್ತು ಬಾರಿ ಬರಿಗೈ; ಆರಿದ್ದರೆ ನೂರಕ್ಕೆ ಒಂದು ಬಾರಿ. ಕೇಳಲು ಚೆನ್ನಾಗಿದೆ. ಆದರೆ ಬೇಡಿಕೆ ಯಾವಾಗೆಂದರೆ ಆವಾಗ ಬರುತ್ತದೆ ಎಂದು ಆ ಸೂತ್ರ ನಂಬಿದೆ. ನಮ್ಮಲ್ಲಿ ಬುಲೆಟಿನ್ನಿಗೆ ಐದು ನಿಮಿಷವಿದೆ ಎನ್ನುವಾಗ ಎಲ್ಲರಿಗೂ ಒಟ್ಟಿಗೇ ಬೇಕು. ಮೊದಲು ಮರೆತ ಮಾನಿಟರ್‌ಗಳನ್ನು ಬಿಡಿಸಿ. ಆಮೇಲೂ ಸಾಲದಿದ್ದರೆ ಎಳೆಸಿ. ಲೈನುಗಳಿಗೆ ದಿಕ್ಕಿದೆ ಎಂಬುದು ನೆನಪಿರಲಿ. ಮೇಲಕ್ಕೆ ಹೋಗುವ ಆರು ಲೈನುಗಳಿಂದ ಕೆಳಗೆ ಬರುವ ಒಂದು ಚಿತ್ರಕ್ಕೂ ಉಪಯೋಗವಿಲ್ಲ.

ಹೊಸ ಕೇಬಲ್ ಎಳೆಸಿದರೆ ನನ್ನಂತೆ ಮಾಡಬೇಡಿ. 2018ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಶ್ರವಣಬೆಳಗೊಳದ ತಗಡಿನ ಶೆಡ್ಡೊಂದರಲ್ಲಿ ಎರಡು ರೌಟರ್ ಜೋಡಿಸಿದ್ದೆ. ಮೂರನೆಯ ಕೇಬಲನ್ನು ನಾಲ್ಕರ ಜಾಗಕ್ಕೆ, ನಾಲ್ಕನೆಯದನ್ನು ಮೂರರ ಜಾಗಕ್ಕೆ ಸಿಕ್ಕಿಸಿದ್ದೆ. ಪ್ಯಾನೆಲ್ಲಿನಲ್ಲಿ ‘ಬೆಟ್ಟದ ಮೇಲಿನ ಕ್ಯಾಮೆರಾ’ ಎಂದು ಹೆಸರು, ಪರದೆಯ ಮೇಲೆ ಚಪ್ಪಲಿ ಬಿಡುವ ಜಾಗ! ಸಾಫ್ಟ್‌ವೇರ್ ತನಗೆ ಬರೆದುಕೊಟ್ಟ ಪಟ್ಟಿಯನ್ನಷ್ಟೇ ಓದುತ್ತದೆ, ತಂತಿಯನ್ನಲ್ಲ. ಹೆಸರು ಸರಿಯಾಗಿದ್ದುದರಿಂದ ಕ್ಯಾಮೆರಾದವನೇ ತಪ್ಪಾದ ಕಡೆ ತಿರುಗಿಸಿದ್ದಾನೆಂದು ನಾನು ಇಂಟರ್‌ಕಾಮಿನಲ್ಲಿ ಅವನನ್ನು ಹತ್ತು ನಿಮಿಷ ಬೈದೆ. ಈಗ ಒಂದೊಂದು ಲೈನಿಗೂ ಅದರ ಸಂಖ್ಯೆ ಬರೆದ ಬಣ್ಣಪಟ್ಟಿಗಳ ಪರೀಕ್ಷಾ ಚಿತ್ರವನ್ನು ಕಳಿಸಿ, ಆಚೆ ತುದಿಯಲ್ಲಿ ಕಣ್ಣಾರೆ ಓದಿದ ಮೇಲೆಯೇ ಪಟ್ಟಿಗೆ ಸೇರಿಸುತ್ತೇನೆ. ಟೈಲೈನಿಗೆ ಬಿಟ್ಟ ಔಟ್‌ಪುಟ್‌ಗಳನ್ನು ರೌಟರಿನ ಮುಂಭಾಗದ ಗುಂಡಿಗಳಿಂದ ಯಾರೂ ಬದಲಿಸದಂತೆ ಬೀಗ ಹಾಕುವುದನ್ನೂ ಮರೆಯಬೇಡಿ.

ಪ್ರಶ್ನೆ: ಎಲ್ಲವನ್ನೂ ಐಪಿಗೆ, ಅಂದರೆ ಕಂಪ್ಯೂಟರ್ ನೆಟ್‌ವರ್ಕಿನ ಮೂಲಕ ಚಿತ್ರ ಕಳಿಸುವ ವಿಧಾನಕ್ಕೆ, ಬದಲಿಸಿದರೆ ಟೈಲೈನ್ ಕಾಟವೇ ಇರುವುದಿಲ್ಲವಂತೆ, ನಿಜವೇ? (ಅರಸೀಕೆರೆಯಿಂದ)

ಉತ್ತರ: ಹೆಸರು ಹೋಗುತ್ತದೆ, ಲೆಕ್ಕ ಹೋಗುವುದಿಲ್ಲ. ಸಂಕುಚಿಸದ ಒಂದು ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 1.5 ಗಿಗಾಬಿಟ್ ಬೇಕು. ಎರಡು ನೆಟ್‌ವರ್ಕ್ ಸ್ವಿಚ್‌ಗಳ ನಡುವೆ 10 ಗಿಗಾಬಿಟ್ಟಿನ ಕೊಂಡಿಯಿದ್ದರೆ ಅದರಲ್ಲಿ ಆರು ಹಿಡಿಯುತ್ತವೆ. ಏಳನೆಯವರು ಬಂದಾಗ ಅವರಿಗೆ ಇಲ್ಲವೆನ್ನಲು ಅಲ್ಲಿಯೂ ಒಂದು ಸಾಫ್ಟ್‌ವೇರ್ ಬೇಕು. ಅಲ್ಲಿಯ ಮಾನಿಟರ್ ಕೂಡ ಫೋನ್ ಕೆಳಗಿಡುವುದಿಲ್ಲ.