ವಾಪಸ್ ಹೋಗುವ ಯೋಚನೆ ಇದ್ದವರು ಯಾವ ಐಸಾ ತೆರೆಯಬೇಕು?

ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಆರು ತಿಂಗಳಾಯಿತು, ಆಫೀಸಿನಲ್ಲಿ ಎಲ್ಲರೂ ಸ್ಟಾಕ್ಸ್ ಅಂಡ್ ಶೇರ್ಸ್ ಐಸಾ (ಬ್ರಿಟನ್ನಿನಲ್ಲಿ ತೆರಿಗೆಯಿಲ್ಲದೆ ಶೇರಿನಲ್ಲಿ ಹೂಡುವ ಖಾತೆ) ಮಾಡಿಸಿ ಅಂತಾರೆ, ಯಾವ ಕಂಪನಿಯಲ್ಲಿ ಮಾಡಿಸಲಿ, ಐದಾರು ವರ್ಷ ಆದಮೇಲೆ ಬೆಂಗಳೂರಿಗೆ ವಾಪಸ್ ಹೋಗಲೂಬಹುದು ಅಂತ ಕೇಳಿದ್ದೀರಿ. ವಾಪಸ್ ಹೋಗುವ ಮಾತನ್ನು ಸುಮ್ನೆ ಕೊನೆಗೆ ಸೇರಿಸಿದ್ದೀರಿ. ನನ್ನ ಪ್ರಕಾರ ಖಾತೆ ಆರಿಸುವಾಗ ಅದನ್ನೇ ಮೊದಲು ನೋಡಬೇಕು.

ಐಸಾ ಅನ್ನುವುದು ಒಂದು ಖಾತೆ ಅಷ್ಟೇ. ಅದರೊಳಗೆ ಶೇರು, ಫಂಡ್, ಇಟಿಎಫ್ (ಶೇರಿನ ಹಾಗೆ ಮಾರ್ಕೆಟ್‌ನಲ್ಲಿ ಕೊಂಡು ಮಾರುವ ಫಂಡ್) ಏನು ಇಡಬೇಕು ಅನ್ನುವುದು ನಿಮಗೆ ಬಿಟ್ಟಿದ್ದು. ಒಳಗೆ ಬಂದ ಲಾಭಕ್ಕೂ ಡಿವಿಡೆಂಡ್‌ಗೂ ಬ್ರಿಟನ್ನಿನಲ್ಲಿ ತೆರಿಗೆ ಇಲ್ಲ, ರಿಟರ್ನ್‌ನಲ್ಲಿ ತೋರಿಸುವುದೂ ಬೇಡ. ವರ್ಷಕ್ಕೆ 20,000 ಪೌಂಡ್‌ವರೆಗೆ ಹಾಕಬಹುದು. ವರ್ಷ ಅಂದರೆ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5. ಹಾಕದೆ ಉಳಿಸಿದ ಮಿತಿ ಮುಂದಿನ ವರ್ಷಕ್ಕೆ ಬರುವುದಿಲ್ಲ. ಹೊರಗಿನ ಸಾಮಾನ್ಯ ಖಾತೆಯಲ್ಲಾದರೆ ವರ್ಷಕ್ಕೆ 3,000 ಪೌಂಡ್ ಲಾಭ, 500 ಪೌಂಡ್ ಡಿವಿಡೆಂಡ್ ಮಾತ್ರ ತೆರಿಗೆಯಿಲ್ಲದೆ ಸಿಗುತ್ತದೆ. 2022-23ರಲ್ಲಿ ಇದು 12,300 ಮತ್ತು 2,000 ಇತ್ತು. ಹಾಗಾಗಿ ನಿಮ್ಮ ಸಹೋದ್ಯೋಗಿಗಳು ಹೇಳುತ್ತಿರುವುದು ಸರಿಯೇ.

ಆದರೆ ಅದಕ್ಕೂ ಮೊದಲು ಎರಡು ವಿಷಯ. ನೀವು ಜಾಸ್ತಿ ಹಾಕಿದರೆ ನೀವು ಕೆಲಸ ಮಾಡುವ ಕಂಪನಿಯೂ ಜಾಸ್ತಿ ಹಾಕುವ ಪೆನ್ಶನ್ ಇದ್ದರೆ ಅದನ್ನು ಪೂರ್ತಿ ತಗೊಳ್ಳಿ, ಅಷ್ಟು ಒಳ್ಳೆಯ ಲಾಭ ಬೇರೆಲ್ಲೂ ಇಲ್ಲ. ಇನ್ನೊಂದು, ವೀಸಾ ಮುಂದುವರಿಸಲು ಬೇಕಾಗುವ ದುಡ್ಡನ್ನು ಶೇರಿಗೆ ಹಾಕಲೇಬೇಡಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಅಂತ ವೀಸಾ ಜೊತೆ ಕಟ್ಟಿಸಿಕೊಳ್ಳುವ ಹೆಲ್ತ್ ಸರ್‌ಚಾರ್ಜ್ ಒಬ್ಬ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಗಂಡ ಹೆಂಡತಿ ಇಬ್ಬರಿಗೆ ಮೂರು ವರ್ಷದ ವೀಸಾ ಮುಂದುವರಿಸಲು 6,210 ಪೌಂಡ್ ಒಂದೇ ಸಲ ಕಟ್ಟಬೇಕು, ವೀಸಾ ಫೀ ಬೇರೆ. ಆ ತಿಂಗಳಲ್ಲೇ ಮಾರ್ಕೆಟ್ ಬಿದ್ದಿದ್ದರೆ ನಷ್ಟಕ್ಕೆ ಮಾರಿ ಕಟ್ಟಬೇಕಾಗುತ್ತದೆ ಅಲ್ವಾ?

ಲೈಫ್‌ಟೈಮ್ ಐಸಾ ಅಂತಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ನಲವತ್ತು ತುಂಬುವ ಮೊದಲು ತೆರೆದರೆ ವರ್ಷಕ್ಕೆ 4,000 ಪೌಂಡ್ ಹಾಕಬಹುದು, ಸರ್ಕಾರ 1,000 ಸೇರಿಸುತ್ತದೆ. ಮೊದಲ ಮನೆ ಕೊಳ್ಳುವುದಕ್ಕೆ ಅಥವಾ 60 ಆದಮೇಲೆ ತೆಗೆಯುವುದಕ್ಕೆ ಇದು ಬಹಳ ಒಳ್ಳೆಯದು. ಬೇರೆ ಕಾರಣಕ್ಕೆ ತೆಗೆದರೆ ಒಟ್ಟು ಮೊತ್ತದ ಶೇ. 25 ಹಿಡಿದುಕೊಳ್ಳುತ್ತಾರೆ. 5,000ದಲ್ಲಿ 1,250 ಹೋದರೆ ಕೈಗೆ ಬರುವುದು 3,750. ಸರ್ಕಾರ ಕೊಟ್ಟಿದ್ದೂ ಹೋಯಿತು, ನಿಮ್ಮ 250 ಪೌಂಡೂ ಹೋಯಿತು. ಇಲ್ಲಿ ಮನೆ ಮಾಡುವುದು ಖಚಿತವಾಗುವವರೆಗೆ ನಿಮಗೆ ಇದು ಬೇಡ.

ಇನ್ನು ಕಂಪನಿ. ನೋಡಬೇಕಾದದ್ದು ಚಾರ್ಜು, ಆ್ಯಪ್ ಎಷ್ಟು ಚೆನ್ನಾಗಿದೆ ಅಂತಲ್ಲ. ಕೆಲವರು ನಿಮ್ಮ ಮೊತ್ತದ ಮೇಲೆ ಶೇಕಡಾವಾರು ತಗೊಳ್ಳುತ್ತಾರೆ, ಕೆಲವರು ತಿಂಗಳಿಗೆ ಇಷ್ಟು ಅಂತ. ಉದಾಹರಣೆಗೆ ಒಬ್ಬರು ವರ್ಷಕ್ಕೆ ಶೇ. 0.25, ಇನ್ನೊಬ್ಬರು ತಿಂಗಳಿಗೆ 5 ಪೌಂಡ್ ಅಂದುಕೊಳ್ಳಿ. 5,000 ಪೌಂಡ್ ಇದ್ದಾಗ ಮೊದಲಿನವರಿಗೆ ಹನ್ನೆರಡೂವರೆ ಪೌಂಡ್, ಎರಡನೆಯವರಿಗೆ 60. ಮೊತ್ತ 24,000 ಆದಾಗ ಎರಡೂ ಸಮ. ಒಂದು ಲಕ್ಷ ಆದಾಗ 250ಕ್ಕೆ ಎದುರು ಅದೇ 60. ಇಟಿಎಫ್, ಶೇರುಗಳಿಗೆ ಮಾತ್ರ ಈ ಶೇಕಡಾವಾರಿಗೆ ಮಿತಿ ಹಾಕುವವರೂ ಇದ್ದಾರೆ, ಅದನ್ನು ಕೇಳಿ. ಸಣ್ಣದರಿಂದ ಶುರು ಮಾಡಿ, ಬೆಳೆದ ಮೇಲೆ ಬದಲಾಯಿಸಬಹುದು. ಬದಲಾಯಿಸುವಾಗ ಮಾತ್ರ ನೀವೇ ದುಡ್ಡು ತೆಗೆದು ಹೊಸ ಕಡೆ ಹಾಕಬೇಡಿ, ತೆರಿಗೆ ವಿನಾಯಿತಿ ಹೋಗುತ್ತದೆ. ಹೊಸ ಕಂಪನಿಯ ಟ್ರಾನ್ಸ್‌ಫರ್ ಫಾರ್ಮ್ ತುಂಬಿದರೆ ಅವರೇ ತರಿಸಿಕೊಳ್ಳುತ್ತಾರೆ.

ಒಳಗಿನ ಖರ್ಚೂ ಇದೆ. ಬ್ರಿಟಿಷ್ ಶೇರು ಕೊಂಡರೆ ಐಸಾದಲ್ಲೂ ಶೇ. 0.5 ಸ್ಟ್ಯಾಂಪ್ ಡ್ಯೂಟಿ. ಅಮೆರಿಕದ ಶೇರಾದರೆ ಕೊಳ್ಳುವಾಗಲೂ ಮಾರುವಾಗಲೂ ಡಾಲರ್ ಬದಲಾವಣೆಯ ಶುಲ್ಕ. ಅಲ್ಲಿನ ಡಿವಿಡೆಂಡ್‌ನಲ್ಲಿ ಶೇ. 15 ಅಲ್ಲೇ ಮುರಿದುಕೊಳ್ಳುತ್ತಾರೆ, ನಾನು ಅಮೆರಿಕದವನಲ್ಲ ಅಂತ ಹೇಳುವ ಡಬ್ಲ್ಯು-8ಬೆನ್ ಫಾರ್ಮ್ ತುಂಬದಿದ್ದರೆ ಶೇ. 30. ಊರಿನ ಅಭಿಮಾನಕ್ಕೆ ಇನ್ಫೋಸಿಸ್ ಬೇಕು ಅನ್ನುವವರು ನ್ಯೂಯಾರ್ಕ್‌ನ ಎಡಿಆರ್ (ಅಮೆರಿಕದ ಮಾರ್ಕೆಟ್‌ನಲ್ಲಿ ಡಾಲರಿಗೆ ಸಿಗುವ ಅದೇ ಕಂಪನಿಯ ಶೇರಿನ ರೂಪ) ಕೊಳ್ಳುತ್ತಾರೆ. ನಾನಂತೂ ಹೊಸಬರಿಗೆ ಜಗತ್ತಿನ ಎಲ್ಲ ದೊಡ್ಡ ಕಂಪನಿಗಳೂ ಇರುವ ಕಡಿಮೆ ಖರ್ಚಿನ ಇಂಡೆಕ್ಸ್ ಫಂಡ್ ಒಂದನ್ನೇ ಹೇಳುತ್ತೇನೆ. ಖಾತೆ ತೆರೆಯುವ ಕಂಪನಿ ಎಫ್‌ಸಿಎ (ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ) ಪಟ್ಟಿಯಲ್ಲಿದೆಯೇ ನೋಡಿ. ಅದು ಮುಳುಗಿದರೆ 85,000 ಪೌಂಡ್‌ವರೆಗೆ ರಕ್ಷಣೆ ಇದೆ, ಶೇರು ಬಿದ್ದರೆ ಇಲ್ಲ.

ಈಗ ವಾಪಸ್ ಹೋಗುವ ವಿಷಯ. ಬ್ರಿಟನ್ ಬಿಟ್ಟ ತೆರಿಗೆ ವರ್ಷ ಮುಗಿದಮೇಲೆ ಐಸಾಕ್ಕೆ ಹೊಸ ದುಡ್ಡು ಹಾಕುವ ಹಾಗಿಲ್ಲ, ಇದ್ದದ್ದನ್ನು ಇಟ್ಟುಕೊಳ್ಳಬಹುದು. ಬ್ರಿಟನ್ ತೆರಿಗೆ ಕೇಳುವುದಿಲ್ಲ, ಭಾರತ ಕೇಳುತ್ತದೆ. ಐಸಾ ಅನ್ನುವ ವಿನಾಯಿತಿ ಭಾರತದ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಲ್ಲಿ ನೀವು ಪೂರ್ತಿ ನಿವಾಸಿ ಆದ ವರ್ಷದಿಂದ ಡಿವಿಡೆಂಡ್‌ಗೂ ಮಾರಿದ ಲಾಭಕ್ಕೂ ತೆರಿಗೆ ಬೀಳುತ್ತದೆ. ನಡುವೆ ಆರ್‌ಎನ್‌ಒಆರ್ (ನಿವಾಸಿ, ಆದರೆ ಇನ್ನೂ ಪೂರ್ತಿ ನಿವಾಸಿ ಅಲ್ಲ) ಅನ್ನುವ ರಿಯಾಯಿತಿ ಕಾಲ ಇದೆ, ಆಗ ಇಂಥ ಹೊರದೇಶದ ಆದಾಯಕ್ಕೆ ಅಲ್ಲಿ ತೆರಿಗೆ ಇಲ್ಲ. ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ 729 ದಿನಕ್ಕಿಂತ ಜಾಸ್ತಿ ಇರದಿದ್ದರೆ ಅದು ಸಿಗುತ್ತದೆ. ಐದಾರು ವರ್ಷ ಮಾತ್ರ ಹೊರಗಿದ್ದವರಿಗೆ ಇದು ಬೇಗ ಮುಗಿಯುತ್ತದೆ, ರಜೆಗೆ ಊರಿಗೆ ಹೋದ ದಿನಗಳೂ ಲೆಕ್ಕಕ್ಕೆ ಬರುತ್ತವೆ.

ಹಾಗಾಗಿ ಹೊರಡುವ ಮೊದಲು, ಇಲ್ಲಿ ಇರುವಾಗಲೇ, ಭಾರತದಲ್ಲಿ ಪೂರ್ತಿ ನಿವಾಸಿ ಆಗುವ ವರ್ಷ ಶುರುವಾಗುವ ಮುಂಚೆ, ಐಸಾದಲ್ಲಿರುವುದನ್ನು ಮಾರಿಬಿಡಿ. ಬೇಕಿದ್ದರೆ ಅದೇ ಖಾತೆಯಲ್ಲಿ ಮತ್ತೆ ಕೊಳ್ಳಿ. ಅಲ್ಲಿಯವರೆಗಿನ ಲಾಭಕ್ಕೆ ಎರಡೂ ಕಡೆ ತೆರಿಗೆ ಇಲ್ಲ, ಮುಂದೆ ಭಾರತದಲ್ಲಿ ಲೆಕ್ಕ ಹೊಸ ಬೆಲೆಯಿಂದ ಶುರುವಾಗುತ್ತದೆ. ಖಾತೆ ಉಳಿಸಿಕೊಂಡರೆ, ಪೂರ್ತಿ ನಿವಾಸಿ ಆದಮೇಲೆ ಭಾರತದ ರಿಟರ್ನ್‌ನ ಶೆಡ್ಯೂಲ್ ಎಫ್‌ಎಯಲ್ಲಿ (ಹೊರದೇಶದ ಆಸ್ತಿ ತೋರಿಸುವ ಭಾಗ) ತೋರಿಸಲೇಬೇಕು, ಮುಚ್ಚಿಟ್ಟರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಕೊಂಡ ದಿನಾಂಕ, ಬೆಲೆ ಇರುವ ಸ್ಟೇಟ್‌ಮೆಂಟ್‌ಗಳನ್ನು ಈಗಿನಿಂದಲೇ ಪ್ರತಿ ಏಪ್ರಿಲ್‌ನಲ್ಲಿ ಇಳಿಸಿ ಇಟ್ಟುಕೊಳ್ಳಿ. ಬೆಂಗಳೂರಿನ ಸಿಎ ಮೊದಲು ಕೇಳುವುದು ಅದನ್ನೇ.