ಐಸ್ ಹಾಕಿ ಡ್ರಾಫ್ಟ್‌ಗೆ (ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) ಮುಂಚೆ, ಕುಳ್ಳಗಿದ್ದರೂ ಚೆನ್ನಾಗಿ ಆಡುವ ಹುಡುಗನನ್ನು ಅಳೆಯುವುದು ಹೇಗೆ?

ಬರೀ ಅಂಕಿ ನೋಡಬೇಡಿ. ಯಾರ ಜೊತೆ ಆಡಿ ಆ ಅಂಕಿ ಬಂತು ಅಂತ ಮೊದಲು ನೋಡಿ.

ಉದಾಹರಣೆಗೆ ಆಟಗಾರ ಅಲೆಕ್ಸ್ ಡಿಬ್ರಿಂಕ್ಯಾಟ್ ಎತ್ತರ ಸುಮಾರು 5 ಅಡಿ 7 ಇಂಚು. 2014-15ರಲ್ಲಿ ಜೂನಿಯರ್ ತಂಡ ಈರಿ ಆಟರ್ಸ್ ಪರ 51 ಗೋಲು ಹೊಡೆದರು. ಆಗ ತಂಡದಲ್ಲಿ ಸ್ಟಾರ್ ಆಟಗಾರ ಕಾನರ್ ಮೆಕ್‌ಡೇವಿಡ್ ಇದ್ದರು, ಹಾಗಾಗಿ ಗೋಲು ಬಂದದ್ದು ಅವರಿಂದಲೇನೋ ಎಂಬ ಅನುಮಾನ ಸಹಜ. ಮರುವರ್ಷ ಮೆಕ್‌ಡೇವಿಡ್ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ಗೆ ಹೋದರು. ಡಿಬ್ರಿಂಕ್ಯಾಟ್ ಮತ್ತೆ 51 ಹೊಡೆದರು! ಇದಕ್ಕಿಂತ ಜಾಸ್ತಿ ಪುರಾವೆ ಬೇಕಾ? ಆದರೂ 2016ರ ಡ್ರಾಫ್ಟ್‌ನಲ್ಲಿ 38 ಹುಡುಗರ ಹೆಸರು ಕೂಗಿದ ಮೇಲೆಯೇ ಷಿಕಾಗೊ ಅವರನ್ನು ತೆಗೆದುಕೊಂಡಿತು. 2018-19ರಲ್ಲಿ ಎನ್‌ಎಚ್‌ಎಲ್‌ನಲ್ಲೇ 41 ಗೋಲು ಬಂತು.

ಆಮೇಲೆ ವಿಡಿಯೊ. ಗೋಲುಗಳ ತುಣುಕು ಬಿಡಿ, ಮೂಲೆಯಲ್ಲಿ ಪಕ್‌ಗಾಗಿ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ನಡೆಯುವ ಜಗಳ ನೋಡಿ. ಪಕ್ ಮುಟ್ಟುವ ಮೊದಲೇ ಹುಡುಗ ಹೆಗಲ ಮೇಲಿಂದ ಹಿಂದೆ ಕಣ್ಣು ಹಾಯಿಸುತ್ತಾನಾ? ದೊಡ್ಡ ಡಿಫೆಂಡರ್ ಮೈಮೇಲೆ ಬೀಳುವಷ್ಟರಲ್ಲಿ ಸ್ಕೇಟ್ ಅಂಚಿನ ಮೇಲೆ ತಿರುಗಿ ಜಾರಿಕೊಳ್ಳುತ್ತಾನಾ? ಏಟು ತಿಂದ ಮೇಲೂ ನೆಟ್ ಮುಂದೆ ಹೋಗುತ್ತಾನಾ, ಅಥವಾ ಸುಮ್ನೆ ದೂರದಲ್ಲೇ ಸುತ್ತುತ್ತಾನಾ? ನನ್ನ ಪ್ರಕಾರ ಈ ಕೊನೆಯದೇ ಮುಖ್ಯ. ಕುಳ್ಳಗಿದ್ದು ವೇಗವೂ ಇಲ್ಲದಿದ್ದರೆ ಕಷ್ಟವೇ.

ವಯಸ್ಸನ್ನೂ ಗಮನಿಸಿ. 18ಕ್ಕೆ ಎಲ್ಲರ ಬೆಳವಣಿಗೆ ಮುಗಿದಿರುವುದಿಲ್ಲ ಅಲ್ವಾ? ಕುಳ್ಳಗಿನ ಡಿಫೆಂಡರ್ ಲೇನ್ ಹಟ್ಸನ್ ತಮ್ಮ ಮೂಳೆ ಇನ್ನೂ ಬೆಳೆಯುತ್ತಿದೆ ಎಂಬ ವೈದ್ಯರ ಪತ್ರವನ್ನೇ ತಂಡಗಳಿಗೆ ತೋರಿಸಿದ್ದರು. 2022ರಲ್ಲಿ ಮಾಂಟ್ರಿಯಲ್ ಅವರನ್ನು 62ನೆಯವರಾಗಿ ಆರಿಸಿತು. 2025ರಲ್ಲಿ ಅತ್ಯುತ್ತಮ ಹೊಸ ಆಟಗಾರನಿಗೆ ಸಿಗುವ ಕಾಲ್ಡರ್ ಪ್ರಶಸ್ತಿ ಅವರಿಗೇ ಬಂತು.